ವೈರ್‌ಲೆಸ್ ಮೇಡಂ

ಮೇಡಂ ಅವರ ಎಡಗಿವಿ ಬಲಗಿವಿಯ ಹಾಗಿರಲಿಲ್ಲ. ಮೂವತ್ತು ವರ್ಷ ಹೆಡ್‌ಫೋನಿನ ಅಡಿ ಸಿಕ್ಕಿ ಅದರ ಮೇಲಂಚು ಚಪ್ಪಟೆಯಾಗಿ ತಲೆಗೆ ಅಂಟಿಕೊಂಡಿತ್ತು. ಬಲಗಿವಿಯ ಕೆಂಪು ಕಲ್ಲಿನ ಓಲೆ ಹೊರಗೆ ಕಾಣುತ್ತಿದ್ದರೆ ಎಡಗಿವಿಯದು ಹಿಂದಕ್ಕೆ ತಿರುಗಿಕೊಂಡು ಕೂದಲಲ್ಲಿ ಸೇರಿಹೋಗುತ್ತಿತ್ತು. ಪಾಠದ ಮಧ್ಯೆ ಅದನ್ನು ತೋರುಬೆರಳಿನಿಂದ ಮುಂದಕ್ಕೆ ಎಳೆದುಕೊಳ್ಳುವರು. ಎರಡು ನಿಮಿಷಕ್ಕೆ ಅದು ಮತ್ತೆ ಒಳಗೆ ಹೋಗುವುದು.

ಅವರು ಪೊಲೀಸ್ ಇಲಾಖೆಯ ವೈರ್‌ಲೆಸ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಹೊಸಕೆರೆಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಇದ್ದರು. ಜಯನಗರದಲ್ಲಿ, ಗುಂಡಿ, ದಾರ, ಲೇಸು ಮಾರುವ ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ, ಹೆಂಗಸರಿಗೆಂದು ನಡೆಯುತ್ತಿದ್ದ ತರಬೇತಿ ಕೇಂದ್ರದಲ್ಲಿ ವೈ-ಫೈ ಜೋಡಿಸುವ, ರಿಪೇರಿ ಮಾಡುವ ಪಾಠವನ್ನು ಕನ್ನಡದಲ್ಲಿ ಹೇಳಿಕೊಡುತ್ತಿದ್ದರು. ಕೆಳಗಿನ ಅಂಗಡಿಯವರಿಗೂ ಎದುರುಗಡೆಯ ಹೂವಿನವಳಿಗೂ ಅವರು ವೈರ್‌ಲೆಸ್ ಮೇಡಂ.

ಅವರ ಜೊತೆ ಮೊದಲ ಸಲ ಮಾತಾಡಿದವರು ಅವರಿಗೆ ಕಿವಿ ಮಂದ ಎಂದೋ, ಗತ್ತು ಜಾಸ್ತಿ ಎಂದೋ ತಿಳಿಯುತ್ತಿದ್ದರು. ಎರಡೂ ಅಲ್ಲ. ಎದುರಿನವರು ಮಾತು ಮುಗಿಸಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಕಾದು ಆಮೇಲೆ ಉತ್ತರಿಸುವುದು ಅವರಿಗೆ ರೂಢಿಯಾಗಿತ್ತು. ವಾಕಿಟಾಕಿಯಲ್ಲಿ ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಿದರೆ ಇಬ್ಬರ ಮಾತೂ ಹಾಳು. ಆ ಶಿಸ್ತು ನಾಲಿಗೆಯಿಂದ ಇಳಿದುಹೋಗಲೇ ಇಲ್ಲ. ತರಕಾರಿ ಚೌಕಾಶಿಯಲ್ಲೂ ಹಾಗೇ ಕಾಯುತ್ತಿದ್ದರು.

ನಾನು ಅವರ ಮುಂದೆ ಹೋಗಿ ಕೂತಾಗ ನನ್ನ ಗಂಡ ತೀರಿಕೊಂಡು ಹತ್ತು ತಿಂಗಳಾಗಿತ್ತು. ಆಫೀಸಿಗೆ ಹೊರಟವರು ಬಸ್ ಸ್ಟಾಪಿನಲ್ಲೇ ಎದೆ ಹಿಡಿದುಕೊಂಡು ಕೂತು, ಅಲ್ಲಿಂದ ಏಳಲಿಲ್ಲ. ಐದನೆಯ ತರಗತಿಯ ಮಗಳನ್ನು ಕರೆದುಕೊಂಡು ವಿಲ್ಸನ್ ಗಾರ್ಡನ್‌ನ ಅಣ್ಣನ ಮನೆಗೆ ಬಂದೆ. ಹಾಲ್‌ನಲ್ಲಿ ಹಾಸಿಗೆ. ಎಲ್ಲರೂ ಮಲಗಿದ ಮೇಲೆ ಹಾಸಬೇಕು, ಎಲ್ಲರೂ ಏಳುವ ಮೊದಲು ಸುತ್ತಬೇಕು. ಹದಿನೈದು ವರ್ಷದ ಹಿಂದಿನ ಬಿ.ಎ. ಇಟ್ಟುಕೊಂಡು ಕೆಲಸಕ್ಕೆ ಅಲೆದೆ. ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಅತ್ತಿಗೆ ಒಳಗೆ ಅಣ್ಣನಿಗೆ ಹೇಳುವುದು ಕೇಳಿಸಿತು. "ನಾನೇನು ಕಳಿಸಿ ಅಂತಿಲ್ಲ. ಇನ್ನೆಷ್ಟು ದಿನ ಅಂತ ಒಂದ್ ಮಾತು ಕೇಳಿ, ಅಷ್ಟೇ." ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟೆ. ಮಗಳು ಪಕ್ಕದಲ್ಲೇ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಅವಳಿಗೂ ಕೇಳಿಸಿತ್ತು. ತಲೆ ಎತ್ತಲಿಲ್ಲ.

ಆ ವಾರವೇ ಬನಶಂಕರಿ ಬಸ್ ನಿಲ್ದಾಣದ ಗೋಡೆಯ ಮೇಲೆ ತರಬೇತಿ ಕೇಂದ್ರದ ಚೀಟಿ ನೋಡಿದ್ದು.

"ವೈ-ಫೈ ಅಂದ್ರೆ ಏನು ಗೊತ್ತಾ?" ಎಂದು ಕೇಳಿದರು ಮೇಡಂ.

"ಮೊಬೈಲಲ್ಲಿ ಬರುತ್ತಲ್ಲ ಮೇಡಂ, ಇಂಟರ್‌ನೆಟ್ಟು."

ಕಾದರು. "ಎಲ್ಲಿಂದ ಬರುತ್ತೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹೇಳಕ್ಕೆ ಬರುತ್ತಲ್ಲ, ಸಾಕು. ನಾಳೆ ಮೂರು ಗಂಟೆಗೆ ಬಾಮ್ಮ."

ನಾವು ಹನ್ನೊಂದು ಜನ ಹೆಂಗಸರಿದ್ದೆವು. ಮೊದಲ ದಿನ ಸ್ಟೂಲಿನ ಮೇಲೆ ಅಂಗೈಯಗಲದ ಬಿಳಿ ಡಬ್ಬಿಯೊಂದನ್ನು ಇಟ್ಟರು. "ಇದು ಆಕ್ಸೆಸ್ ಪಾಯಿಂಟು. ವೈರು ಇಲ್ಲೀವರೆಗೆ ಬರುತ್ತೆ. ಇಲ್ಲಿಂದ ಆಚೆಗೆ ರೇಡಿಯೋ. ನಾನು ಇಷ್ಟು ವರ್ಷ ಮಾಡಿದ್ದೂ ಇದೇನೇ. ನಮ್ಮ ಕಾಲದಲ್ಲಿ ಡಬ್ಬಿ ದೊಡ್ಡದಿತ್ತು." ಆಮೇಲೆ ನಮ್ಮನ್ನು ಸುತ್ತ ನಿಲ್ಲಿಸಿ ಎಲ್ಲರೂ ಒಟ್ಟಿಗೆ ಅವರವರ ಊರಿನ ಹೆಸರು ಹೇಳಿ ಎಂದರು. ಹನ್ನೊಂದು ಊರುಗಳು ಕಲಸಿಹೋದವು.

"ಒಂದೂರೂ ಕೇಳಿಸಲಿಲ್ಲ ನಂಗೆ. ಒಂದು ಚಾನೆಲ್‌ನಲ್ಲಿ ಒಂದ್ಸಲಕ್ಕೆ ಒಬ್ಬರೇ ಮಾತಾಡ್ಬೋದು. ಮೊದ್ಲು ಕಿವಿ ಕೊಡ್ಬೇಕು. ಯಾರಾದ್ರೂ ಮಾತಾಡ್ತಿದ್ರೆ ಸುಮ್ನಿರ್ಬೇಕು. ಅವರು ನಿಲ್ಲಿಸಿದ ಮೇಲೂ ಒಂಚೂರು ಕಾದು, ಆಮೇಲೆ ಬಾಯಿ ಬಿಡ್ಬೇಕು. ನಿಮ್ಮ ಫೋನೂ ಈ ಡಬ್ಬಿನೂ ದಿನಾ ಮಾಡೋದು ಇಷ್ಟೇ."

"ನಮ್ಮನೇಲಿ ಒಬ್ಬರೂ ಹೀಗೆ ಮಾಡಲ್ಲ ಮೇಡಂ," ಎಂದಳು ಒಬ್ಬಳು. ಎಲ್ಲರೂ ನಕ್ಕೆವು. ಅವರು ಮಾತ್ರ ನಾವು ನಕ್ಕು ಮುಗಿಸಿದ ಮೇಲೆ ನಕ್ಕರು.

ಆ ಡಬ್ಬಿಯ ಮೇಲೆ ಸ್ಟೀಲ್ ಪಾತ್ರೆ ಕವುಚಿ ಫೋನಿನಲ್ಲಿ ಸಿಗ್ನಲ್ ಎಷ್ಟು ಇಳಿಯಿತು ನೋಡಿ ಎನ್ನುವರು. ಒದ್ದೆ ಟವೆಲ್ ಸುತ್ತಿ ತೋರಿಸುವರು. ಗೋಡೆಯಾಚೆ, ಬೀರುವಿನಾಚೆ, ಮೆಟ್ಟಿಲ ಕೆಳಗೆ ನಮ್ಮನ್ನು ಓಡಿಸುವರು. "ಎರಡು ಪಾಯಿಂಟ್ ನಾಲ್ಕು ಗಿಗಾಹರ್ಟ್ಸ್ ಅಲೆ ಗೋಡೆ ದಾಟುತ್ತೆ. ಆದ್ರೆ ಊರವರೆಲ್ಲ ಅಲ್ಲೇ ತುಂಬ್ಕೊಂಡಿರ್ತಾರೆ. ಐದು ಗಿಗಾಹರ್ಟ್ಸಲ್ಲಿ ಜಾಗ ಇದೆ, ವೇಗ ಇದೆ. ಎರಡು ಗೋಡೆ ಅಡ್ಡ ಬಂದ್ರೆ ಸುಸ್ತು." ಯಾರಾದರೂ ಸಿಗ್ನಲ್ ಇಲ್ಲ ಎಂದರೆ ಅವರಿಗೆ ಸಿಟ್ಟು. "ಇಲ್ಲ ಅನ್ಬೇಡ. ಎಲ್ಲಿ ನಿಂತ್ಕೊಂಡು ಇಲ್ಲ ಅಂತಿದೀಯ, ಅದು ಹೇಳು."

ಮೂರನೆಯ ತಿಂಗಳು ನಾನೊಂದು ಅನಾಹುತ ಮಾಡಿದೆ. ಅಭ್ಯಾಸಕ್ಕೆಂದು ಇಟ್ಟಿದ್ದ ರೂಟರ್ ಎಂದುಕೊಂಡು ಕಟ್ಟಡದ ಮುಖ್ಯ ರೂಟರಿನ ರೀಸೆಟ್ ಗುಂಡಿಗೆ ಪಿನ್ ಚುಚ್ಚಿಬಿಟ್ಟೆ. ಇಡೀ ಕಟ್ಟಡದ ಸಂಪರ್ಕ ಹೋಯಿತು. ಹಬ್ಬದ ಮುಂಚಿನ ಶುಕ್ರವಾರ, ಕೆಳಗಿನ ಅಂಗಡಿಯಲ್ಲಿ ಜನ ತುಂಬಿದ್ದರು, ಬಿಲ್ ಹಾಕುವುದೇ ನಿಂತಿತು. ಮಾಲೀಕರು ಮೆಟ್ಟಿಲು ಹತ್ತಿ ಬಂದು ಕೂಗಾಡಿದರು. "ಅಡುಗೆ ಮನೇಲಿ ಇರೋರನ್ನೆಲ್ಲ ಕರ್ಕೊಂಡ್ ಬಂದು ಇಂಜಿನಿಯರ್ ಮಾಡ್ತೀನಿ ಅಂತೀರಲ್ಲ!" ಅವರು ಪೂರ್ತಿ ಕೂಗಿ ಮುಗಿಸುವವರೆಗೂ ಮೇಡಂ ನಿಂತರು. ಆಮೇಲೂ ಕಾದರು. ಆ ಮೌನಕ್ಕೇ ಅಂಗಡಿಯವರ ಅರ್ಧ ಸಿಟ್ಟು ಇಳಿಯಿತು. "ನನ್ನ ಕೈತಪ್ಪು ಸಾರ್. ಹತ್ತು ನಿಮಿಷ ಕೊಡಿ," ಎಂದರು.

ಅಂಗಡಿಯವರು ಇಳಿದುಹೋದ ಮೇಲೆ ಪಿನ್ನನ್ನು ಮೇಜಿನ ಮೇಲಿಟ್ಟೆ. ನನ್ನಿಂದ ಆಗುವುದಿಲ್ಲ ಮೇಡಂ, ನಾಳೆಯಿಂದ ಬರುವುದಿಲ್ಲ ಎಂದೆ. ಅಷ್ಟು ಹೊತ್ತಿಗೆ ಅಳು ಬಂದಿತ್ತು. ಅವರು ಸಮಾಧಾನ ಹೇಳಲಿಲ್ಲ. ಕುರ್ಚಿಯನ್ನು ನನ್ನ ಕಡೆ ದೂಡಿದರು. "ಕೂತ್ಕೋ. ಕೆಡಿಸಿದೋಳು ನೀನು, ಸರಿ ಮಾಡೋಳೂ ನೀನೇ. ನಾನು ಮುಟ್ಟಲ್ಲ." ಹೆಸರು, ಪಾಸ್‌ವರ್ಡ್, ಚಾನೆಲ್, ಒಂದೊಂದನ್ನೂ ನನ್ನ ಕೈಯಿಂದಲೇ ಮತ್ತೆ ಹಾಕಿಸಿದರು. ಹತ್ತು ನಿಮಿಷ ಅಲ್ಲ, ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಬಾಗಿಲಿಗೆ ಅಡ್ಡವಾಗಿ ನಿಂತು, ಮೇಲೆ ಬಂದವರನ್ನೆಲ್ಲ ವಾಪಸ್ಸು ಕಳಿಸುತ್ತಿದ್ದರು.

ನನಗೆ ಕೆಲಸ ಹುಡುಕಿಕೊಟ್ಟವರೂ ಅವರೇ. ಬಿಟಿಎಂ ಲೇಔಟ್‌ನ ಪಿ.ಜಿ. ಹಾಸ್ಟೆಲ್‌ಗಳಿಗೆ ವೈ-ಫೈ ಹಾಕುವ ಒಂದು ಸಣ್ಣ ಕಂಪನಿ. ಅಲ್ಲಿನವರು ಏಣಿ ಹತ್ತುವ ಕೆಲಸಕ್ಕೆ ಹೆಂಗಸಾ ಎಂದು ಅನುಮಾನಿಸಿದಾಗ ಮೇಡಂ ಫೋನಿನಲ್ಲಿ ಹೇಳಿದ್ದನ್ನು ಪಕ್ಕದಲ್ಲೇ ಕೂತು ಕೇಳಿದ್ದೇನೆ. "ಒಂದ್ ತಿಂಗಳು ಇಟ್ಕೊಂಡು ನೋಡಿ. ಆಮೇಲೂ ಬೇಡ ಅನ್ಸಿದ್ರೆ ನಂಗೆ ಫೋನ್ ಮಾಡಿ, ನಾನೇ ಬಂದು ಕರ್ಕೊಂಡ್ ಹೋಗ್ತೀನಿ." ಆ ಫೋನು ಬರಲಿಲ್ಲ. ವರ್ಷ ತುಂಬುವುದರೊಳಗೆ ಜೆ.ಪಿ. ನಗರದಲ್ಲಿ ಒಂದು ರೂಮು ಮಾಡಿ ಮಗಳನ್ನು ಕರೆತಂದೆ. ಮೊದಲ ದಿನ ಬೆಳಿಗ್ಗೆ ಎಂಟು ಗಂಟೆಯಾದರೂ ಹಾಸಿಗೆ ಸುತ್ತದೆ ಇಬ್ಬರೂ ಬಿದ್ದುಕೊಂಡಿದ್ದೆವು.

ಆಮೇಲೆ ಕೊರೋನಾ ಬಂತು. ಅದರ ಎರಡನೆಯ ಅಲೆಯಲ್ಲಿ, ಒಂದು ಬೆಳಿಗ್ಗೆ, ಮೇಡಂ ಅವರ ಅಕ್ಕನ ಫೋನು.

"ನಮ್ಮ ಚಿಕ್ಕೋಳನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ ನಾಲ್ಕು ದಿನ ಆಯ್ತಮ್ಮ. ಫೋನು ಹೋಗ್ತಾನೇ ಇಲ್ಲ. ಇದಾಳೋ ಇಲ್ವೋ ಅಂತಾನೂ ಯಾರೂ ಹೇಳ್ತಿಲ್ಲ. ನಂಗೆ ಮೆಟ್ಟಿಲಿಳಿಯಕ್ಕೆ ಆಗಲ್ಲ. ಏನ್ ಮಾಡ್ಲಿ ಹೇಳು."

ಬನಶಂಕರಿ ಕಡೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆ. ಗೇಟಿನ ಹೊರಗೆ ನೂರಾರು ಜನ. ಸ್ಟೀಲ್ ಕ್ಯಾರಿಯರ್‌ನಲ್ಲಿ ಗಂಜಿ ಹಿಡಿದುಕೊಂಡು ಬೆಳಗಿನಿಂದ ನಿಂತವರೊಬ್ಬರು. ಹೋಗದ ನಂಬರಿಗೆ ಮತ್ತೆ ಮತ್ತೆ ಫೋನ್ ಒತ್ತುತ್ತಿದ್ದ ಹೆಂಗಸೊಬ್ಬಳು. ಒಳಗೆ ಜಾಗ ಸಾಲದೆ ನೆಲಮಾಳಿಗೆಯ ಹಳೆಯ ದಾಖಲೆ ಕೋಣೆಯನ್ನೇ ವಾರ್ಡ್ ಮಾಡಿದ್ದರು. ಇಪ್ಪತ್ತೆಂಟು ಹಾಸಿಗೆ. ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ರೋಗಿಗಳ ತಲೆದಿಂಬಿನ ಪಕ್ಕದಲ್ಲೇ ಫೋನುಗಳಿದ್ದವು, ಒಂದೂ ಹೊರಗೆ ತಲುಪುತ್ತಿರಲಿಲ್ಲ. ದಿನಕ್ಕೊಮ್ಮೆ ಯಾರೋ ಗೇಟಿಗೆ ಬಂದು ತೀರಿಕೊಂಡವರ ಹೆಸರುಗಳನ್ನು ಓದುತ್ತಿದ್ದರು. ನಮ್ಮವರ ಹೆಸರು ಬರದಿರಲಿ ಎಂದು ಎಲ್ಲರೂ ಬೇಡಿಕೊಳ್ಳುತ್ತಿದ್ದರು.

ಕೆಳಗೆ ವೈ-ಫೈ ಹಾಕಿಕೊಡುತ್ತೇನೆ, ಒಳಗೆ ಬಿಡಿ ಎಂದು ಆಸ್ಪತ್ರೆಯ ಮ್ಯಾನೇಜರ್ ಹತ್ತಿರ ಕೈಮುಗಿದೆ. ಅವರ ಟೆಕ್ನಿಷಿಯನ್ ಕೂಡ ಜ್ವರದಿಂದ ಮಲಗಿದ್ದನಂತೆ. ಎಷ್ಟು ದಿನದಿಂದ ನಿದ್ದೆಯಿಲ್ಲವೋ, ಮ್ಯಾನೇಜರ್ ನನ್ನನ್ನು ನೋಡಿದರೋ ಗೋಡೆಯನ್ನು ನೋಡಿದರೋ ತಿಳಿಯಲಿಲ್ಲ.

"ವೈ-ಫೈ ತಗೊಂಡು ಏನ್ ಮಾಡ್ಲಿ ಮೇಡಂ? ನಂಗೆ ಆಕ್ಸಿಜನ್ ಬೇಕು. ತಂದ್ಕೊಡ್ತೀರಾ?"

ಅವರ ಹಿಂದೆ ನಿಂತಿದ್ದ ನರ್ಸ್ ಹೇಳಿದರು, "ಸಾರ್, ಮನೆಗೆ ಫೋನ್ ಮಾಡ್ಬೇಕು ಅಂತ ಪೇಷೆಂಟುಗಳು ಮಾಸ್ಕ್ ಕಿತ್ತಾಕಿ ಎದ್ದು ಬರ್ತಿದಾರೆ. ನಿನ್ನೆ ಒಬ್ಬರು ಮೆಟ್ಟಿಲ ಮೇಲೇ ಬಿದ್ರು. ಇವರು ಹಾಕ್ಕೊಡ್ಲಿ ಸಾರ್."

ಮರುದಿನ ಹೊರಡುವ ಮೊದಲು ಮಗಳ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಣ್ಣನ ಫೋನ್ ನಂಬರ್ ದಪ್ಪಕ್ಷರದಲ್ಲಿ ಬರೆದಿಟ್ಟೆ. "ಯಾಕಮ್ಮ?" ಎಂದಳು. ಸುಮ್ಮನೆ ಎಂದೆ. ಅವಳಿಗೆ ಅಪ್ಪ ಸುಮ್ಮನೆ ಆಫೀಸಿಗೆ ಹೋದದ್ದು ನೆನಪಿತ್ತು. ಬಾಗಿಲವರೆಗೂ ನನ್ನ ದುಪ್ಪಟ್ಟಾ ಹಿಡಿದುಕೊಂಡೇ ಬಂದಳು.

ರಕ್ಷಣಾ ಉಡುಪಿನೊಳಗೆ ಐದು ನಿಮಿಷಕ್ಕೇ ಬೆವರು ಇಳಿಯತೊಡಗಿತು. ಎರಡು ಆಕ್ಸೆಸ್ ಪಾಯಿಂಟು, ಒಂದು ಸುತ್ತು ಕೇಬಲ್, ಏಣಿ. ನೆಲಮಾಳಿಗೆಯಲ್ಲಿ ಆಕ್ಸಿಜನ್ನಿನ ಗುಳುಗುಳು ಸದ್ದು, ಕೆಮ್ಮು. ಹದಿನೇಳನೆಯ ಹಾಸಿಗೆಯಲ್ಲಿ ಮೇಡಂ ಒಂದು ಕಡೆಗೆ ವಾಲಿಕೊಂಡಿದ್ದರು. ಮುಖದ ಮೇಲೆ ಮಾಸ್ಕು. ಓಲೆಗಳನ್ನು ಯಾರೋ ಬಿಚ್ಚಿದ್ದರು. ಮೇಡಂ ಎಂದೆ. ದನಿಯಿಂದಲೇ ಗುರುತು ಹಿಡಿದರು. ಕಣ್ಣಗಲಿಸಿ, ಹೋಗು ಹೋಗು ಎಂಬಂತೆ ಕೈಯಾಡಿಸಿದರು. ನಾನು ಏಣಿ ತೋರಿಸಿದೆ. ಆಗ ಸುಮ್ಮನಾದರು.

ಮೇಲಿನಿಂದ ಎಳೆದ ಕೇಬಲ್ ಮೊದಲು ಬಂದು ಮುಟ್ಟಿದ್ದು ಬಾಗಿಲ ಹತ್ತಿರಕ್ಕೆ. ಅಲ್ಲೇ ಡಬ್ಬಿ ಹೊಡೆದು ಬೇಗ ಹೊರಗೆ ಓಡಬೇಕೆಂದು ನನ್ನ ಮನಸ್ಸು. ಏಣಿ ಇಟ್ಟದ್ದೇ ಮೇಡಂ ಮಂಚದ ಕಂಬಿಯನ್ನು ಉಗುರಿನಿಂದ ಟಕಟಕ ಬಡಿದರು. ಹತ್ತಿರ ಹೋದೆ. ಮಾಸ್ಕ್ ಅರೆ ಸರಿಸಿದರು.

"ಕಂಬ ಇದೆ. ಕಬ್ಬಿಣದ ಬೀರು. ಆ ಕಡೆ ಹನ್ನೆರಡು ಜನ. ಸಿಗಲ್ಲ."

ಹೌದು. ಮಧ್ಯದಲ್ಲಿ ದಪ್ಪ ಕಾಂಕ್ರೀಟ್ ಕಂಬ, ಅದಕ್ಕೊರಗಿ ಹಳೆಯ ದಾಖಲೆಗಳ ಬೀರುಗಳ ಸಾಲು. ಭಯದಲ್ಲಿ ನನಗೆ ಅದು ಕಂಡಿರಲೇ ಇಲ್ಲ. ಅವರು ಮಾತ್ರ ಐದು ದಿನದಿಂದ ಮಲಗಿದಲ್ಲೇ ಲೆಕ್ಕ ಹಾಕಿದ್ದರು. ಕೇಬಲನ್ನು ಸೂರಿನುದ್ದಕ್ಕೂ ಎಳೆದು ಕಂಬದ ನೆತ್ತಿಯ ಮೇಲೆ, ಎರಡೂ ಕಡೆ ಕಾಣುವ ಹಾಗೆ ಡಬ್ಬಿ ಕೂರಿಸಿದೆ. ಅಷ್ಟಕ್ಕೆ ಕೇಬಲ್ ಮುಗಿಯಿತು. ಒಂದು ಪಾಯಿಂಟು ಚೀಲದಲ್ಲೇ ಉಳಿಯಿತು. ಒಳಮೂಲೆಯ ನಾಲ್ಕು ಹಾಸಿಗೆಗಳಿಗೆ ಸಿಗ್ನಲ್ ಇನ್ನೂ ತೆಳುವಾಗಿಯೇ ಇತ್ತು.

ಪಾಸ್‌ವರ್ಡ್ ಬರೆದು ಗೋಡೆಗೆ ಅಂಟಿಸಿದೆ. ಎರಡು ನಿಮಿಷ. ಇಪ್ಪತ್ತಕ್ಕೂ ಹೆಚ್ಚು ಫೋನುಗಳು ಒಟ್ಟಿಗೆ ಮನೆಗಳಿಗೆ ವಿಡಿಯೋ ಕರೆ ಮಾಡಿದವು.

ಎಲ್ಲವೂ ನಿಂತಿತು. ಪರದೆಗಳ ಮೇಲೆ ಹೆಂಡತಿಯರು, ಮಕ್ಕಳು, ತಾಯಂದಿರು ಬಾಯಿ ತೆರೆದಲ್ಲೇ ಹೆಪ್ಪುಗಟ್ಟಿದರು. ವಾರ್ಡಿನ ತುಂಬ ಹಲೋ, ಹಲೋ. ಒಬ್ಬ ಮುದುಕರು ನಿಂತ ಚಿತ್ರವನ್ನೇ ಹಿಡಿದು, "ಮಾತಾಡೋ, ಯಾಕೋ ಮಾತಾಡ್ತಿಲ್ಲ," ಎಂದು ಅಳತೊಡಗಿದರು. ಇನ್ನೊಬ್ಬರು ಮಾಸ್ಕ್ ಕಿತ್ತು ಎದ್ದು ಕೂತರು. ನರ್ಸ್ ಓಡಿ ಬಂದರು. ಇದ್ದದ್ದಕ್ಕಿಂತ ಕೆಟ್ಟದ್ದು ಮಾಡಿಬಿಟ್ಟೆ ಎಂದುಕೊಂಡೆ. ತಿರುಗಿದರೆ ಮೇಡಂ ನನ್ನ ಕೈಯ ಮಾರ್ಕರ್‌ಗೆ ಕೈ ಚಾಚಿದ್ದರು.

ಡಬ್ಬಿ ತಂದಿದ್ದ ರಟ್ಟಿನ ಮೇಲೆ ಬರೆದರು. ಅಕ್ಷರ ಸೊಟ್ಟಸೊಟ್ಟ. "ವಿಡಿಯೋ ಬೇಡ. ಬರೀ ಮಾತು. ಒಂದು ಸಲಕ್ಕೆ ಐದು ಹಾಸಿಗೆ. ಐದು ನಿಮಿಷ. ಮಿಕ್ಕವರು ವೈ-ಫೈ ಆಫ್." ನರ್ಸ್ ಅದನ್ನು ಜೋರಾಗಿ ಓದಿದರು. ಮೇಡಂ ನನ್ನ ಕೈಲಿ ದಿಂಬು ಎತ್ತರ ಮಾಡಿಸಿಕೊಂಡು ಅರ್ಧ ಎದ್ದು ಕೂತರು. ಒಂದರಿಂದ ಐದರ ಕಡೆಗೆ ಬೆರಳು ತೋರಿಸಿದರು. ಉಳಿದವರಿಗೆ ಅಂಗೈ ಅಡ್ಡ ಹಿಡಿದರು. ಹೇಗೋ ಏನೋ, ಜನ ಕೇಳಿದರು. ಇನ್ನೇನು ಉಸಿರು ನಿಲ್ಲುತ್ತದೆ ಎಂಬಂತಿದ್ದವರೂ ಫೋನನ್ನು ಎದೆಯ ಮೇಲಿಟ್ಟುಕೊಂಡು ಸರದಿ ಕಾದರು.

ಮಾತಾಡಿದ್ದು ಏನು? ಗ್ಯಾಸ್ ಪುಸ್ತಕ ಎಲ್ಲಿದೆ ಎಂದು ಒಬ್ಬರು ಹೇಳಿದರು. ಒಬ್ಬಾಕೆ ಮಾತೇ ಆಡದೆ ಐದು ನಿಮಿಷ ಮಗುವಿನ ತೊದಲು ಕೇಳಿಸಿಕೊಂಡರು. ಒಂಬತ್ತನೆಯ ಹಾಸಿಗೆಯವರಿಗೆ ಫೋನ್ ಹಿಡಿಯಲು ಶಕ್ತಿ ಇರಲಿಲ್ಲ, ನಾನು ಹಿಡಿದೆ. ಆಚೆಯಿಂದ ಮಗ, "ಅಪ್ಪ, ಊಟ ಮಾಡಿದ್ಯಾ, ಊಟ ಮಾಡಿದ್ಯಾ," ಎಂದು ಅದೊಂದನ್ನೇ ಕೇಳುತ್ತಿದ್ದ.

ಹದಿನಾರರಿಂದ ಇಪ್ಪತ್ತರ ಸರದಿ ಬಂದಾಗ ಮೇಡಂ ತಮ್ಮ ಸರದಿಯನ್ನೂ ಫೋನನ್ನೂ ಒಳಮೂಲೆಯ ಒಬ್ಬಳಿಗೆ ಕೊಡಿಸಿದರು. ಅವಳನ್ನು ಹತ್ತಿರಕ್ಕೆ, ಗಾಲಿ ಕುರ್ಚಿಯಲ್ಲಿ ಕರೆತರಬೇಕಾಯಿತು. ಎಲ್ಲ ಮುಗಿಯುವ ಹೊತ್ತಿಗೆ ನಾನು ಒಳಗೆ ಬಂದು ಎರಡು ಗಂಟೆ ಕಳೆದಿತ್ತು. ಕಡೆಗೆ ಅವರ ಫೋನಿನಿಂದ ಅಕ್ಕನಿಗೆ ಹಚ್ಚಿ ಕಿವಿಗೆ ಹಿಡಿದೆ. ಅಕ್ಕನ ಅಳು ನನಗೂ ಕೇಳುತ್ತಿತ್ತು. ಮೇಡಂ ಅದು ನಿಲ್ಲುವವರೆಗೂ ಕಾದರು.

"ಅಕ್ಕ. ಬಿ.ಪಿ. ಮಾತ್ರೆ. ಬಿಳೀದು ಬೆಳಿಗ್ಗೆ. ಮರೀಬೇಡ."

"ನೀನು ಯಾವಾಗ ಬರ್ತೀಯೇ?"

ಮೇಡಂ ಕಾದರು. ಫೋನನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. ಬೇಗ ಬರ್ತಾರಮ್ಮ ಎಂದು ನಾನು ಹೇಳಿದೆ.

ಹೊರಡುವಾಗ ನನ್ನ ಗ್ಲೌಸ್ ಹಾಕಿದ ಬೆರಳನ್ನು ಹಿಡಿದುಕೊಂಡರು. "ನಾಳೆ ಬರಬೇಡ."

"ಇನ್ನೊಂದು ಪಾಯಿಂಟ್ ಉಳಿದಿದೆಯಲ್ಲ ಮೇಡಂ. ಆ ಮೂಲೆಯವರಿಗೆ."

"ಮಗಳಿದಾಳೆ. ಬರಬೇಡ."

ಇಲ್ಲಿ ನಾನು ನಿಜ ಬರೆಯಬೇಕು. ಆ ಮಾತು ಕೇಳಿದಾಗ ನನಗೆ ಆದದ್ದು ಸಮಾಧಾನ. ಮತ್ತೆ ಈ ಮೆಟ್ಟಿಲು ಇಳಿಯಬೇಕಿಲ್ಲ ಎಂಬ ಬಿಡುಗಡೆ. ಮೇಡಂ ಅವರೇ ಹೇಳಿದ್ದಾರೆ ಎಂದು ಮನಸ್ಸಿಗೆ ನಾಲ್ಕು ಸಲ ಹೇಳಿಕೊಂಡೆ. ಮನೆಗೆ ಬಂದು ಸ್ನಾನ ಮಾಡಿ, ಮಗಳನ್ನು ಮುಟ್ಟದೆ ಒಂದು ಮೂಲೆಯಲ್ಲಿ ಕೂತೆ. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

ವಾರ್ಡಿನ ಪಾಯಿಂಟಿಗೆ ಯಾವ ಯಾವ ಫೋನು ಸೇರಿವೆ ಎಂಬುದು ಒಂದು ಆ್ಯಪ್ ಮೂಲಕ ಮನೆಯಲ್ಲೇ ನನ್ನ ಮೊಬೈಲಿನಲ್ಲೂ ಕಾಣುತ್ತಿತ್ತು. ಆ ಪಟ್ಟಿಯಲ್ಲಿ ಮೇಡಂ ಅವರ ಫೋನು ಯಾವುದೆಂದು ನನಗೆ ಗೊತ್ತು. ಅದು ಇದ್ದರೆ ಅವರು ಇದ್ದಾರೆ ಎಂದುಕೊಂಡೆ. ಅನ್ನಕ್ಕಿಟ್ಟು ನೋಡಿದೆ, ಬಟ್ಟೆ ಒಗೆಯುತ್ತ ನೋಡಿದೆ. ಇತ್ತು. ಮೂರನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಇರಲಿಲ್ಲ. ಚಾರ್ಜ್ ಮುಗಿದಿರಬೇಕು. ಎಂಟಕ್ಕೂ ಇರಲಿಲ್ಲ. ಅಲ್ಲಿ ಚಾರ್ಜರ್ ಯಾರು ಹಾಕಿಕೊಡುತ್ತಾರೆ, ಪಾಪ. ಒಂಬತ್ತಕ್ಕೆ ನರ್ಸ್‌ಗೆ ಫೋನ್ ಮಾಡಿದೆ.

"ಹದಿನೇಳು ಖಾಲಿ ಆಯ್ತು ಮೇಡಂ. ಬೆಳಗಿನ ಜಾವ. ಅವರ ಮನೆಯವರು ಫೋನ್ ಎತ್ತುತ್ತಿಲ್ಲ. ನೀವು ಹೇಳ್ತೀರಾ?"

ಹೊಸಕೆರೆಹಳ್ಳಿಯ ಮನೆಯ ಕೆಳಗೆ ರಸ್ತೆಯಲ್ಲೇ ನಿಂತೆ. ವಾರ್ಡಿನೊಳಗೆ ಹೋಗಿಬಂದವಳು, ಮೇಲೆ ಹೋಗುವಂತಿರಲಿಲ್ಲ. ಅಕ್ಕ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು. ಅಷ್ಟು ದೂರದಿಂದ, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ, ಕೂಗಿ ಹೇಳಬೇಕಾಯಿತು. ಅವರು ಅಳಲಿಲ್ಲ. ಕಂಬಿ ಬಿಡದೆ ಒಂದೇ ಮಾತು ಕೇಳಿದರು.

"ಹೋಗೋವಾಗ ಹತ್ರ ಯಾರಾದ್ರೂ ಇದ್ರಾ?"

"ಇದ್ದೆ ಅಮ್ಮಾ. ನಾನಿದ್ದೆ," ಎಂದೆ.

ಮರುದಿನ ಹೋಗಿ ಎರಡನೆಯ ಪಾಯಿಂಟ್ ಹಾಕಿ ಬಂದೆ. ಹದಿನೇಳರಲ್ಲಿ ಆಗಲೇ ಬೇರೆ ಯಾರೋ ಇದ್ದರು.

ಈಗ ನಾನು ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗುತ್ತೇನೆ. ಮಾತ್ರೆಗಳನ್ನು ವಾರಕ್ಕಾಗುವಷ್ಟು ಡಬ್ಬಿಯಲ್ಲಿ ಜೋಡಿಸಿಡುತ್ತೇನೆ. ಕಾಫಿ ಕೊಟ್ಟು ಎದುರು ಕೂತು, ಅವರು ಪ್ರತಿ ಸಲವೂ ಕೊನೆಯ ಗಳಿಗೆಯ ವಿಷಯ ಕೇಳುತ್ತಾರೆ. ನಾನು ಹೇಳುತ್ತೇನೆ. ಕೈ ಹಿಡಿದುಕೊಂಡಿದ್ದೆ ಎಂದಿದ್ದೇನೆ. ನೋವಿರಲಿಲ್ಲ, ನಿದ್ದೆ ಬಂದ ಹಾಗಿತ್ತು ಎಂದಿದ್ದೇನೆ. ನಿಮ್ಮ ಹೆಸರು ಹೇಳಿದರು ಎಂದಿದ್ದೇನೆ. ಒಂದು ದಿನ ನಿಜ ಹೇಳಿಬಿಡಬೇಕೆಂದು ಮೆಟ್ಟಿಲು ಹತ್ತುತ್ತೇನೆ, ಹೇಳದೆ ಇಳಿಯುತ್ತೇನೆ.

ಹೋದ ಭಾನುವಾರ, "ನೀರು ಕೇಳಿದ್ಲಾ?" ಎಂದರು.

ಕೇಳಿದರು, ಕುಡಿಸಿದೆ ಎಂದೆ.